ಬೆಂಗಳೂರಲ್ಲಿ ಯೋಗ ಕಲಿಯೋಕೆ ಎಲ್ಲಿ ಸೇರೋದು? ಪಾರ್ಕಿನಿಂದ ಜಿಗಣಿಯವರೆಗೆ ಒಂದು ಹೋಲಿಕೆ

ಜೂನ್ 21ರ ಯೋಗ ದಿನ ಮುಗಿದ ಮೇಲೆ ಒಂದಷ್ಟು ದಿನ ನನಗೆ ಬರುವ ಪ್ರಶ್ನೆ ಒಂದೇ. "ಯೋಗಕ್ಕೆ ಸೇರಬೇಕು ಅಂತಿದ್ದೀನಿ, ಎಲ್ಲಿಗೆ ಹೋಗಲಿ?" ಕೇಳುವವರು ಮಾತ್ರ ಒಬ್ಬರ ಹಾಗೆ ಇನ್ನೊಬ್ಬರಿಲ್ಲ. ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂತು ಕತ್ತು ಹಿಡಿದುಕೊಂಡಿರುವ ಮಾರತ್ತಹಳ್ಳಿಯ ಹುಡುಗಿ. ಹೊಸದಾಗಿ ಬಿ.ಪಿ. ಮಾತ್ರೆ ಶುರುವಾದ ರಾಜಾಜಿನಗರದ ಅಂಕಲ್. ಹೆರಿಗೆಯಾಗಿ ವರ್ಷವಾದರೂ ಸೊಂಟನೋವು ಬಿಡದ ತಾಯಿ. ರಿಟೈರ್ ಆದ ಮೇಲೆ, ಯೋಗಸೂತ್ರ ಬರೆದ ಪತಂಜಲಿ ನಿಜಕ್ಕೂ ಏನು ಹೇಳಿದ್ದಾನೆ ಅಂತ ತಿಳಿಯುವ ಆಸೆ ಹುಟ್ಟಿದ ಮೇಷ್ಟ್ರು. ಇವರಿಗೆಲ್ಲ ಒಂದೇ ವಿಳಾಸ ಕೊಟ್ಟು ಕಳಿಸೋಕಾಗಲ್ಲ, ಅಲ್ವಾ?

ಈ ಊರಲ್ಲಿ ಆಯ್ಕೆಗೇನೂ ಬರ ಇಲ್ಲ. ಪಾರ್ಕಿನ ಬಳಗ ಇದೆ, ಉಚಿತ ಶಾಖೆ ಇದೆ, ಮನೆ ಮಹಡಿಯ ಮೇಲಿನ ಕ್ಲಾಸಿದೆ, ಇಂದಿರಾನಗರದ ಎ.ಸಿ. ಸ್ಟುಡಿಯೋ ಇದೆ, ಕನಕಪುರ ರಸ್ತೆಯ ಆಶ್ರಮ ಇದೆ, ಫೋನಿನಲ್ಲಿ ಆ್ಯಪ್ ಇದೆ. ಆದರೆ ಹೆಚ್ಚಿನವರು "ಯಾವ ಯೋಗ ಒಳ್ಳೇದು?" ಅಂತಲೇ ಶುರು ಮಾಡುತ್ತಾರೆ. ಅದಕ್ಕಿಂತ ಮುಂಚೆ ಕೇಳಿಕೊಳ್ಳಬೇಕಾದ ಬೇರೆ ನಾಲ್ಕು ಮಾತಿವೆ.

ಮೊದಲು ಅಳತೆಗೋಲು

ಯಾಕೆ ಹೋಗುತ್ತಿದ್ದೀರಿ ಅನ್ನೋದು ಮೊದಲನೆಯದು. ಮೈ ಸಡಿಲ ಆಗಬೇಕಾ, ಒಂದು ಕಾಯಿಲೆಗೆ ಆಸರೆ ಬೇಕಾ, ತಲೆಯ ಗದ್ದಲ ಕಡಿಮೆ ಆಗಬೇಕಾ, ಅಥವಾ ಸಾಧನೆ ಅಂತಲೇ ಹಿಡಿಯಬೇಕಾ? ನಾಲ್ಕೂ ಬೇಕು ಅನ್ನಬೇಡಿ. ಸದ್ಯಕ್ಕೆ ಒಂದನ್ನು ಹೇಳಿ.

ಎರಡನೆಯದಕ್ಕೆ ಪತಂಜಲಿಯ ಮಾತನ್ನೇ ತರುತ್ತೇನೆ. ಅಭ್ಯಾಸ ಗಟ್ಟಿಯಾಗಿ ನೆಲೆಯೂರೋದು ಯಾವಾಗ ಅಂತ ಯೋಗಸೂತ್ರದ ಮೊದಲ ಪಾದದಲ್ಲೇ ಇದೆ. "ದೀರ್ಘಕಾಲ ನೈರಂತರ್ಯ ಸತ್ಕಾರ." ತುಂಬಾ ದಿನ ಮಾಡಬೇಕು, ಬಿಡದೆ ಮಾಡಬೇಕು, ಆದರದಿಂದ ಮಾಡಬೇಕು. ಇದನ್ನು ಬೆಂಗಳೂರಿಗೆ ಅನ್ವಯಿಸಿ ನೋಡಿ. ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಹೋಗಬೇಕಾದ ಕ್ಲಾಸಿನಲ್ಲಿ ನೈರಂತರ್ಯ ಎಲ್ಲಿಂದ ಬರುತ್ತೆ? ಹಾಗಾಗಿ ನನ್ನ ಲೆಕ್ಕದಲ್ಲಿ ದೂರ ಅನ್ನೋದು ಅನುಕೂಲದ ಪ್ರಶ್ನೆ ಮಾತ್ರ ಅಲ್ಲ, ಶಾಸ್ತ್ರದ ಪ್ರಶ್ನೆಯೂ ಹೌದು. ನಡೆದು ಹೋಗಬಹುದಾದ ಸಾಧಾರಣ ಕ್ಲಾಸು, ಮುಕ್ಕಾಲು ಗಂಟೆ ದೂರದ ಅದ್ಭುತ ಕ್ಲಾಸಿಗಿಂತ ಮೇಲು. ಒಂದೇ ಒಂದು ವಿನಾಯಿತಿ ಇದೆ, ಅದನ್ನು ಮುಂದೆ ಹೇಳುತ್ತೇನೆ.

ಮೂರನೆಯದು ಮೇಷ್ಟ್ರ ಕಣ್ಣು. ಅವರು ಎಷ್ಟು ಚೆನ್ನಾಗಿ ಬಗ್ಗುತ್ತಾರೆ ಅನ್ನೋದು ನಿಮಗೆ ಉಪಯೋಗಕ್ಕೆ ಬರೋದಿಲ್ಲ. ನೀವು ಹೇಗೆ ಬಗ್ಗುತ್ತಿದ್ದೀರಿ ಅಂತ ನೋಡುತ್ತಾರಾ? ಐವತ್ತು ಜನರ ಮುಂದೆ ತಾವೂ ಆಸನ ಹಾಕುತ್ತಾ ಎಣಿಸುವ ಮೇಷ್ಟ್ರಿಗೆ ನಿಮ್ಮ ಮಂಡಿ ಕಾಣೋದಿಲ್ಲ. ಹತ್ತು ಹನ್ನೆರಡು ಜನರ ಬ್ಯಾಚಿನಲ್ಲಿ ಓಡಾಡುತ್ತಾ ಹೇಳಿಕೊಡುವವರಿಗೆ ಕಾಣುತ್ತೆ.

ನಾಲ್ಕನೆಯದು, ಆಸನದ ಆಚೆ ಎಷ್ಟು ಬೇಕು? ಯೋಗಸೂತ್ರದಲ್ಲಿ ನಾಲ್ಕು ಪಾದಗಳಿವೆ, ಸುಮಾರು 195 ಸೂತ್ರಗಳಿವೆ. ಆಸನದ ಬಗ್ಗೆ ಇರೋದು ಬರೀ ಮೂರು. ಅದರಲ್ಲಿ ಮೊದಲನೆಯದು "ಸ್ಥಿರಸುಖಮಾಸನಮ್". ಅಲುಗಾಡದೆ, ಹಿತವಾಗಿ ಕೂರೋದೇ ಆಸನ. ಎಂಟು ಅಂಗಗಳ ಪಟ್ಟಿಯಲ್ಲಿ ಆಸನಕ್ಕೆ ಮೂರನೇ ಜಾಗ. ಅದಕ್ಕಿಂತ ಮುಂಚೆ ಅಹಿಂಸೆ, ಸತ್ಯ, ಕದಿಯದಿರುವುದು, ಬ್ರಹ್ಮಚರ್ಯ, ಕೂಡಿಡದಿರುವುದು (ಅಪರಿಗ್ರಹ) ಎಂಬ ಯಮಗಳಿವೆ. ಆಮೇಲೆ ಶುಚಿ, ಸಂತೋಷ, ತಪಸ್ಸು, ಸ್ವಾಧ್ಯಾಯ, ಈಶ್ವರ ಪ್ರಣಿಧಾನ ಎಂಬ ನಿಯಮಗಳು. ಆಸನದ ನಂತರ ಪ್ರಾಣಾಯಾಮ, ಪ್ರತ್ಯಾಹಾರ, ಧಾರಣ, ಧ್ಯಾನ, ಸಮಾಧಿ. ಮನಸ್ಸಿನ ಅಲೆದಾಟವನ್ನು ತಡೆಯೋದೇ ಯೋಗ ಅಂತ ಪತಂಜಲಿ ಶುರುವಿನಲ್ಲೇ ಹೇಳಿಬಿಟ್ಟಿದ್ದಾನೆ. ಗೀತೆಯಂತೂ ಸಮಚಿತ್ತವನ್ನೇ ಯೋಗ ಅನ್ನುತ್ತೆ, ಅಲ್ಲಿ ಮೈ ಬಗ್ಗಿಸುವ ಮಾತೇ ಇಲ್ಲ. ಇದನ್ನೆಲ್ಲ ಕ್ಲಾಸಿನಲ್ಲಿ ಕೇಳುವ ಆಸೆ ನಿಮಗಿದೆಯಾ, ಅಥವಾ ಸೊಂಟ ಸರಿಹೋದರೆ ಸಾಕಾ? ಎರಡೂ ತಪ್ಪಲ್ಲ. ಆದರೆ ಒಂದನ್ನು ಬಯಸಿ ಇನ್ನೊಂದು ಸಿಗುವ ಕಡೆ ಹೋದರೆ ಬೇಸರ ಆಗುತ್ತೆ.

ದುಡ್ಡನ್ನು ಬೇಕೆಂದೇ ಕೊನೆಗೆ ಇಟ್ಟಿದ್ದೇನೆ. ಈ ಊರಲ್ಲಿ ಒಂದು ರೂಪಾಯಿ ಕೊಡದೆಯೂ ಯೋಗ ಕಲಿಯಬಹುದು.

ಪಾರ್ಕು ಮತ್ತು ಉಚಿತ ಶಾಖೆಗಳು

ಬೆಳಗ್ಗೆ ಆರಕ್ಕೆ ಲಾಲ್‌ಬಾಗಿಗೋ ಬಸವನಗುಡಿಯ ಕೃಷ್ಣರಾವ್ ಪಾರ್ಕಿಗೋ ಹೋಗಿ ನೋಡಿ. ಜಮಖಾನ ಹಾಸಿ, ಚಪ್ಪಲಿ ಬದಿಗಿಟ್ಟು, ಸ್ವೆಟರು ಮಂಕಿ ಕ್ಯಾಪು ಹಾಕಿಕೊಂಡೇ ಕೈ ಮೇಲೆತ್ತಿ ನಿಂತಿರುವ ಹಿರಿಯರು ಕಾಣುತ್ತಾರೆ. ಹದಿನೈದು ನಿಮಿಷ ಆಸನ, ಹತ್ತು ನಿಮಿಷ ಪ್ರಾಣಾಯಾಮ, ಆಮೇಲೆ ಜೋರು ನಗು, ಆಮೇಲೆ ಹತ್ತಿರದ ದರ್ಶಿನಿಯಲ್ಲಿ ಕಾಫಿ. ಇದನ್ನು ಹಗುರವಾಗಿ ತಗೊಳ್ಳಬೇಡಿ. ರಿಟೈರ್ ಆದವರಿಗೆ, ಒಂಟಿಯಾಗಿರುವವರಿಗೆ ಆ ಕಾಫಿಯೂ ಚಿಕಿತ್ಸೆಯೇ. ಒಂದು ದಿನ ಹೋಗದಿದ್ದರೆ "ಯಾಕ್ರೀ ಬರಲಿಲ್ಲ?" ಅಂತ ಫೋನ್ ಬರುತ್ತೆ. ನೈರಂತರ್ಯಕ್ಕೆ ಇದಕ್ಕಿಂತ ಒಳ್ಳೆ ಉಪಾಯ ಇನ್ನೊಂದಿಲ್ಲ.

ಇನ್ನಷ್ಟು ಶಿಸ್ತು ಬೇಕು ಅಂದರೆ ಶ್ರೀ ಪತಂಜಲಿ ಯೋಗ ಶಿಕ್ಷಣ ಸಮಿತಿಯ ಶಾಖೆಗಳಿವೆ. ತುಮಕೂರಿನಲ್ಲಿ ಶುರುವಾದ ಈ ಸಂಸ್ಥೆ ಈಗ ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿದೆ. ಶಾಲೆಯ ಹಾಲ್, ದೇವಸ್ಥಾನ, ಕಲ್ಯಾಣ ಮಂಟಪ, ಎಲ್ಲಿ ಜಾಗ ಸಿಕ್ಕಿದರೆ ಅಲ್ಲಿ ನಡೆಯುತ್ತೆ. ಹೇಳಿಕೊಡುವವರು ಸ್ವಯಂಸೇವಕರು. ಎಲ್ಲ ಕನ್ನಡದಲ್ಲೇ. ಅಪ್ಪ ಅಮ್ಮಂದಿರಿಗೆ "ಇನ್‌ಹೇಲ್, ಎಕ್ಸ್‌ಹೇಲ್" ಗೊಂದಲ ಇಲ್ಲ. ಓಂಕಾರ, ಪ್ರಾರ್ಥನೆ ಇರುತ್ತೆ. ಕೆಲವರಿಗೆ ಅದೇ ಇಷ್ಟ, ಕೆಲವರಿಗೆ ಕಸಿವಿಸಿ. ಒಂದು ದಿನ ಹೋಗಿ ನೋಡಿದರೆ ಗೊತ್ತಾಗುತ್ತೆ.

ತೊಂದರೆ ಏನು? ಗುಂಪು ದೊಡ್ಡದು. ಮೇಷ್ಟ್ರು ಎಷ್ಟೇ ಒಳ್ಳೆಯವರಾದರೂ ಎಲ್ಲರ ಬೆನ್ನನ್ನೂ ನೋಡೋಕಾಗಲ್ಲ. ಡಿಸ್ಕ್ ಜಾರಿದವರು, ಇತ್ತೀಚೆಗೆ ಆಪರೇಷನ್ ಆದವರು ಇಲ್ಲಿಂದ ಶುರು ಮಾಡಬಾರದು. ಉಳಿದಂತೆ ಆರೋಗ್ಯ ಸುಮಾರಾಗಿದ್ದು ಶಿಸ್ತು ಬೇಕಾದವರಿಗೆ ನನ್ನ ಮೊದಲ ಸಲಹೆ ಇದೇ. ಪುಕ್ಕಟೆ ಅಂತ ಅಲ್ಲ, ಹತ್ತಿರ ಅಂತ.

ಅಯ್ಯಂಗಾರ್ ದಾರಿ, ಮೈಸೂರು ದಾರಿ

ಹಣ ಕೊಟ್ಟು ಕಲಿಯುವವರು ಹೆಚ್ಚು ತಲೆಕೆಡಿಸಿಕೊಳ್ಳೋದು ಈ ಎರಡರ ನಡುವೆ. ತಮಾಷೆ ಅಂದರೆ ಎರಡಕ್ಕೂ ಒಂದೇ ಬೇರು. ಚಿತ್ರದುರ್ಗ ಜಿಲ್ಲೆಯಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಕಲಿಸುತ್ತಿದ್ದರು. ಅವರ ಶಿಷ್ಯರು ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ (1918–2014) ಮತ್ತು ಹಾಸನ ಜಿಲ್ಲೆಯ ಕೌಶಿಕದ ಪಟ್ಟಾಭಿ ಜೋಯಿಸ್ (1915–2009). ಇವತ್ತು ಲಂಡನ್, ನ್ಯೂಯಾರ್ಕಿನಲ್ಲಿ ನಡೆಯುವ ಎಷ್ಟೋ ಕ್ಲಾಸುಗಳ ಮೂಲ ಆ ಒಂದು ಅರಮನೆಯ ಶಾಲೆ. ಒಬ್ಬರೇ ಗುರುಗಳಿಂದ ಇಷ್ಟು ಬೇರೆ ಬೇರೆ ಎರಡು ದಾರಿ ಹೇಗೆ ಹೊರಟವು ಅನ್ನೋದು ಬೇರೆಯೇ ಕತೆ.

ಅಯ್ಯಂಗಾರ್ ಅಂದರೆ ಬೆಂಗಳೂರಿಗರಿಗೆ ಮೊದಲು ನೆನಪಾಗೋದು ಬೇಕರಿ. ಇರಲಿ. ಈ ಪದ್ಧತಿಯ ಕ್ಲಾಸಿಗೆ ಹೋದರೆ ಗೋಡೆಯಲ್ಲಿ ಹಗ್ಗ ನೇತಾಡುತ್ತಿರುತ್ತೆ, ಮೂಲೆಯಲ್ಲಿ ಮಡಿಸುವ ಕುರ್ಚಿಗಳು, ಮರದ ಇಟ್ಟಿಗೆಗಳು, ಬೆಲ್ಟುಗಳು, ಒಪ್ಪವಾಗಿ ಮಡಿಸಿದ ಕಂಬಳಿಗಳು. ತ್ರಿಕೋನಾಸನವನ್ನೇ ತಗೊಳ್ಳಿ. ಬೇರೆ ಕಡೆ "ಕೈ ನೆಲಕ್ಕೆ ಮುಟ್ಟಿಸಿ" ಅನ್ನುತ್ತಾರೆ. ನೀವು ಹೇಗೋ ಮಂಡಿ ಮಡಿಸಿ, ಎದೆ ಕುಗ್ಗಿಸಿ, ಮುಟ್ಟಿಸಿಬಿಡುತ್ತೀರಿ. ಇಲ್ಲಿ ಮೇಡಂ ಬಂದು ಕೈಕೆಳಗೆ ಒಂದು ಇಟ್ಟಿಗೆ ಇಡುತ್ತಾರೆ. "ಈಗ ಮಂಡಿಚಿಪ್ಪು ಮೇಲಕ್ಕೆ ಎಳೀರಿ. ಹಿಂದಿನ ಪಾದದ ಹೊರ ಅಂಚು ಒತ್ತಿ. ಎದೆ ತಿರುಗಿಸಿ." ನೆಲ ಒಂದಡಿ ದೂರ ಇದ್ದರೂ ಬೆನ್ನು ಮೊದಲ ಸಲ ಉದ್ದವಾಗುತ್ತೆ. ಅಷ್ಟರಲ್ಲಿ ತೊಡೆ ನಡುಗೋಕೆ ಶುರುವಾಗಿರುತ್ತೆ. ಹೊರಗಿನಿಂದ ನೋಡಿದವರಿಗೆ ಯಾರೂ ಏನೂ ಮಾಡುತ್ತಿಲ್ಲ ಅನ್ನಿಸುತ್ತೆ, ಒಳಗಿರುವವರಿಗೆ ಬೆವರು. "ಸ್ಥಿರ, ಸುಖ" ಎರಡನ್ನೂ ಒಟ್ಟಿಗೆ ಕಲಿಸುವ ರೀತಿ ಇದು.

ಮೈ ಬಿಗಿಯಾಗಿರುವವರಿಗೆ, ನಲವತ್ತು ದಾಟಿದವರಿಗೆ, ಕತ್ತು ಭುಜದ ನೋವಿನ ಐ.ಟಿ. ಮಂದಿಗೆ ನಾನು ಹೇಳೋದು ಇದನ್ನೇ. ಮಾರತ್ತಹಳ್ಳಿಯ ಹುಡುಗಿಗೂ ಇದೇ. ಇಲ್ಲಿನ ಶಿಕ್ಷಕರಾಗೋಕೆ ವರ್ಷಗಳ ತರಬೇತಿ ಬೇಕು, ಹಾಗಾಗಿ ಕಣ್ಣು ಚುರುಕು. ಆದರೆ ನಿಧಾನ. ಪ್ರಾಣಾಯಾಮಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ತಪ್ಪು ತಿದ್ದುವ ದನಿ ಕೆಲವೊಮ್ಮೆ ಹೈಸ್ಕೂಲ್ ನೆನಪಿಸುತ್ತೆ. ಬೇಗ ಬೋರ್ ಆಗುವವರಿಗೆ ಕಷ್ಟ.

ಮೈಸೂರು ದಾರಿ ಪೂರ್ತಿ ಉಲ್ಟಾ. ಜೋಯಿಸರ ಅಷ್ಟಾಂಗ ವಿನ್ಯಾಸದಲ್ಲಿ ಆಸನಗಳ ಕ್ರಮ ಬದಲಾಗಲ್ಲ. ಸೂರ್ಯನಮಸ್ಕಾರ ಎರಡು ಬಗೆ, ಮೊದಲನೆಯದಕ್ಕೆ 9 ವಿನ್ಯಾಸ (ಅಂದರೆ ಉಸಿರಿಗೆ ಹೊಂದಿಸಿದ ಚಲನೆ), ಎರಡನೆಯದಕ್ಕೆ 17. ಒಂದೊಂದು ಚಲನೆಗೆ ಒಂದೊಂದು ಉಸಿರು. ಮೊದಲ ಸರಣಿ ಪೂರ್ತಿ ಮಾಡೋಕೆ ಸುಮಾರು ಒಂದೂವರೆ ಗಂಟೆ. ಮೈಸೂರು ಶೈಲಿಯ ಕ್ಲಾಸಿನಲ್ಲಿ ಯಾರೂ ಮುಂದೆ ನಿಂತು ಹೇಳಿಕೊಡೋದಿಲ್ಲ. ಎಲ್ಲರೂ ತಮ್ಮ ಪಾಡಿಗೆ ಮಾಡುತ್ತಿರುತ್ತಾರೆ, ಮೇಷ್ಟ್ರು ಒಬ್ಬೊಬ್ಬರ ಹತ್ತಿರ ಬಂದು ನೋಡುತ್ತಾರೆ. ಹಿಂದಿನದು ಬಂದರೆ ಮುಂದಿನ ಆಸನ ಸಿಗುತ್ತೆ, ಇಲ್ಲದಿದ್ದರೆ ಅಲ್ಲೇ ನಿಲ್ಲಿಸುತ್ತಾರೆ. ಅಮಾವಾಸ್ಯೆ, ಹುಣ್ಣಿಮೆಗೆ ರಜೆ.

ಇದರ ಲಾಭ ದೊಡ್ಡದು. ಕೆಲವು ತಿಂಗಳಲ್ಲಿ ಕ್ರಮ ಬಾಯಿಪಾಠ ಆಗುತ್ತೆ. ಆಮೇಲೆ ಊರು ಬಿಟ್ಟರೂ, ಮೇಷ್ಟ್ರು ಬಿಟ್ಟರೂ, ನಿಮ್ಮ ಯೋಗ ನಿಮ್ಮ ಜೊತೆಗಿರುತ್ತೆ. ಮೈ ಬಲಿಯುತ್ತೆ, ಬೆವರು ಹರಿಯುತ್ತೆ. ಓಡುವ, ಸೈಕಲ್ ಹೊಡೆಯುವ ವಯಸ್ಸಿನವರಿಗೆ ಹೊಂದುತ್ತೆ. ಆದರೆ ವಾರಕ್ಕೆ ಐದಾರು ದಿನ ಕೇಳುತ್ತೆ. ಭುಜ, ಮಣಿಕಟ್ಟು, ಮಂಡಿಯ ತೊಂದರೆ ಇದ್ದವರು ಅನುಭವಿ ಮೇಷ್ಟ್ರಿಲ್ಲದೆ ಇಳಿಯಬಾರದು. ಇನ್ನೊಂದು ಮಾತು: ಈ ಕ್ಲಾಸುಗಳಲ್ಲಿ ಮೈ ಮುಟ್ಟಿ ಒತ್ತಿ ಸರಿಪಡಿಸೋದು ರೂಢಿ. ನಿಮಗೆ ಬೇಡ ಅನ್ನಿಸಿದರೆ ಮೊದಲ ದಿನವೇ "ಮುಟ್ಟಬೇಡಿ" ಅನ್ನಿ. ಅದಕ್ಕೆ ಮುಖ ಸಿಂಡರಿಸುವ ಜಾಗದಲ್ಲಿ ಮುಂದುವರಿಯಬೇಡಿ.

ಆಶ್ರಮಗಳ ಕೋರ್ಸುಗಳು

ಆಸನಕ್ಕಿಂತ ಉಸಿರು, ಧ್ಯಾನ ಬೇಕು ಅನ್ನುವವರು ಈ ಕಡೆ ನೋಡುತ್ತಾರೆ. ಕನಕಪುರ ರಸ್ತೆಯ ಉದಯಪುರದಲ್ಲಿ ಶ್ರೀ ಶ್ರೀ ರವಿಶಂಕರ್ ಅವರ ಆರ್ಟ್ ಆಫ್ ಲಿವಿಂಗ್ ಇದೆ, ಅಲ್ಲಿ ಮುಖ್ಯ ಸುದರ್ಶನ ಕ್ರಿಯೆ ಎಂಬ ಉಸಿರಾಟದ ಅಭ್ಯಾಸ. ಸದ್ಗುರು ಅವರ ಈಶಾದಲ್ಲಿ ಶಾಂಭವಿ ಮಹಾಮುದ್ರೆ ಎಂಬ ಉಸಿರು, ಧ್ಯಾನದ ಅಭ್ಯಾಸ. ಎರಡರದ್ದೂ ಸ್ವರೂಪ ಸುಮಾರು ಒಂದೇ. ಕೆಲವು ದಿನಗಳ ಕೋರ್ಸು, ಆಮೇಲೆ ಮನೆಯಲ್ಲಿ ನೀವೇ ದಿನಾ ಮಾಡಬೇಕು. ದೂರ ಇದ್ದರೂ ಪರವಾಗಿಲ್ಲ ಅಂತ ನಾನು ಹೇಳಿದ ವಿನಾಯಿತಿ ಇದೇ. ಒಂದು ಸಲ ಹೋಗಿ ಕಲಿತು ಬರುವ ವಿದ್ಯೆಗೆ ದೂರ ಅಡ್ಡಿ ಅಲ್ಲ.

ಆದರೆ ಕೋರ್ಸಿನ ಉತ್ಸಾಹ ಇಳಿದ ಮೇಲೆ ಮನೆಯಲ್ಲಿ ಒಬ್ಬರೇ ಕೂರೋದೇ ನಿಜವಾದ ಪರೀಕ್ಷೆ. ಜೊತೆಗೆ ಅಲ್ಲಿ ಗುರುಗಳ ಬಗ್ಗೆ ಭಕ್ತಿಯ ವಾತಾವರಣ ಇರುತ್ತೆ. ಅದು ಹಿಡಿಸಿದರೆ ದೊಡ್ಡ ಆಸರೆ, ಹಿಡಿಸದಿದ್ದರೆ ಕಿರಿಕಿರಿ. ಬೆನ್ನುನೋವಿಗೆ ಪರಿಹಾರ ಹುಡುಕಿ ಇಲ್ಲಿಗೆ ಹೋಗಬೇಡಿ. ಅಪಸ್ಮಾರ ಅಥವಾ ಗಂಭೀರ ಮಾನಸಿಕ ಕಾಯಿಲೆಗೆ ಔಷಧಿ ತಗೊಳ್ಳುತ್ತಿದ್ದರೆ ಜೋರು ಉಸಿರಾಟದ ಯಾವ ಅಭ್ಯಾಸಕ್ಕೂ ಮುಂಚೆ ನಿಮ್ಮ ಡಾಕ್ಟರನ್ನು ಕೇಳಲೇಬೇಕು.

ಕಾಯಿಲೆ ಇಟ್ಟುಕೊಂಡು ಹೋಗುವವರು

ಇಲ್ಲಿ ಸ್ವಲ್ಪ ನಿಧಾನಿಸೋಣ, ಯಾಕೆಂದರೆ ಹೆಚ್ಚು ಮೋಸ ಹೋಗೋದು ಇಲ್ಲೇ.

ಯೋಗದಿಂದ ಆಗೋದು ಏನು? ಹಳೆಯ ಸೊಂಟನೋವಿಗೆ ಉಪಯೋಗ ಇದೆ. ಔಷಧಿಗೆ ಮುಂಚೆ ಪ್ರಯತ್ನಿಸಬಹುದಾದ ಉಪಾಯಗಳಲ್ಲಿ ಯೋಗವೂ ಒಂದು ಅಂತ ಅಮೆರಿಕದ ವೈದ್ಯರ ಸಂಘವೊಂದು 2017ರಲ್ಲೇ ತನ್ನ ಮಾರ್ಗಸೂಚಿಯಲ್ಲಿ ಸೇರಿಸಿತು. ಬಿ.ಪಿ. ಸ್ವಲ್ಪ ಇಳಿಯಬಹುದು. ಒತ್ತಡ, ಆತಂಕ ತಗ್ಗುತ್ತೆ, ಎಷ್ಟೋ ಜನರಿಗೆ ನಿದ್ದೆ ಸುಧಾರಿಸುತ್ತೆ. ವಯಸ್ಸಾದವರಿಗೆ ಆಯ ತಪ್ಪದೆ ನಿಲ್ಲುವ ಶಕ್ತಿ ಬರುತ್ತೆ. ಇಷ್ಟು ಕಡಿಮೆಯಾ? "ಮೂರು ತಿಂಗಳಲ್ಲಿ ಥೈರಾಯ್ಡ್ ಮಾಯ, ಶುಗರ್ ಮಾತ್ರೆ ಬಿಸಾಕಿ" ಅನ್ನುವ ಬೋರ್ಡು ಕಂಡರೆ ಮಾತ್ರ ಆ ರಸ್ತೆಯನ್ನೇ ಬಿಡಿ. ತೂಕ ಇಳಿಸೋದೇ ಗುರಿ ಆಗಿದ್ದರೆ ನಿಧಾನದ ಯೋಗ ಒಂದೇ ಸಾಲದು. ಬರೀ ಆರೋಗ್ಯವಾಗಿರೋಕೇ ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆಯಂಥ ವ್ಯಾಯಾಮ ಬೇಕು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಊಟದ ತಟ್ಟೆಯ ಕಡೆಗೂ ನೋಡಬೇಕು.

ಬೆಂಗಳೂರಿನ ಭಾಗ್ಯ ಅಂದರೆ ಚಿಕಿತ್ಸೆಯ ದೃಷ್ಟಿಯಿಂದ ಯೋಗ ಮಾಡಿಸುವ ದೊಡ್ಡ ಜಾಗಗಳು ಇಲ್ಲೇ ಇವೆ. ಊರಂಚಿನ ಜಿಗಣಿಯ ಪ್ರಶಾಂತಿ ಕುಟೀರದಲ್ಲಿ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯ ಇದೆ, ಅದರ ಆರೋಗ್ಯಧಾಮದಲ್ಲಿ ಉಳಿದುಕೊಂಡು ಚಿಕಿತ್ಸೆ ಪಡೆಯಬಹುದು. ಕಾಯಿಲೆಗೆ ತಕ್ಕಂತೆ ಅಭ್ಯಾಸ ಬೇರೆ ಬೇರೆ, ವೈದ್ಯರು ಇರುತ್ತಾರೆ. ನಿಮ್ಹಾನ್ಸ್‌ನಲ್ಲೂ ಔಷಧಿಯ ಜೊತೆಜೊತೆಗೆ ಯೋಗ ಹೇಳಿಕೊಡುವ ವಿಭಾಗ ಇದೆ. ಅಷ್ಟು ದೂರ ಆಗದಿದ್ದರೆ ಬಿ.ಎನ್.ವೈ.ಎಸ್. ಓದಿದ ವೈದ್ಯರನ್ನು ಹತ್ತಿರದಲ್ಲಿ ಹುಡುಕಿ. ಪ್ರಕೃತಿ ಚಿಕಿತ್ಸೆ ಮತ್ತು ಯೋಗವನ್ನೇ ಐದೂವರೆ ವರ್ಷ ಓದಿದ ಪದವಿ ಅದು. ಕೆಲವು ವಾರ ಇಂಥ ಕಡೆ ಕಲಿತು, ಏನು ಮಾಡಬಹುದು ಏನು ಬಾರದು ಅಂತ ಬರೆಸಿಕೊಂಡು, ಆಮೇಲೆ ಮನೆ ಹತ್ತಿರದ ಕ್ಲಾಸಿಗೆ ಸೇರೋದು ಜಾಣತನ.

ಬಿ.ಪಿ. ಹತೋಟಿಯಲ್ಲಿಲ್ಲದವರು ಶೀರ್ಷಾಸನ, ಸರ್ವಾಂಗಾಸನ, ಜೋರು ಉಸಿರಾಟದ ಭಸ್ತ್ರಿಕಾ, ರಭಸದ ಕಪಾಲಭಾತಿ ಬಿಡಬೇಕು. ಕಣ್ಣಿನ ಗ್ಲಾಕೋಮಾ ಇದ್ದವರಿಗೂ ತಲೆಕೆಳಗಾಗುವ ಆಸನ ಬೇಡ, ಕಣ್ಣಿನ ಒತ್ತಡ ಏರುತ್ತೆ. ಡಿಸ್ಕ್ ತೊಂದರೆಯವರು ಜೋರಾಗಿ ಮುಂದೆ ಬಾಗಬಾರದು. ಬಸುರಿಯರು ಗರ್ಭಿಣಿಯರಿಗೆಂದೇ ಇರುವ ಬ್ಯಾಚಿಗೆ ಮಾತ್ರ ಹೋಗಬೇಕು, ಅದೂ ಡಾಕ್ಟರು ಒಪ್ಪಿದ ಮೇಲೆ. ಆ ವರ್ಷ ತುಂಬಿದ ಮಗುವಿನ ತಾಯಿಗೂ ಮೊದಲ ಹೆಜ್ಜೆ ಇಂಥ ವೈದ್ಯರ ಹತ್ತಿರವೇ. ಹೊಟ್ಟೆಯ ಸ್ನಾಯು ಕೂಡಿಕೊಂಡಿದೆಯಾ ಅಂತ ನೋಡಿಸದೆ, ಹೊಟ್ಟೆಗೆ ಬಿಗಿ ಬೀಳುವ ನೌಕಾಸನ ಮಾಡೋದು ಬೇಡ.

ಉಳಿದವು, ಬೇಗ ಬೇಗ

ಕೋರಮಂಗಲ, ಇಂದಿರಾನಗರದ ಪವರ್ ಯೋಗ, ಬಟ್ಟೆಗೆ ನೇತಾಡುವ ಏರಿಯಲ್ ಯೋಗ: ಒಳ್ಳೆ ವ್ಯಾಯಾಮ. ಹಾಗೆ ಅಂದುಕೊಂಡೇ ಹೋಗಿ. ಅಲ್ಲಿನ ಕೆಲವು ಮ್ಯಾಟುಗಳ ಬೆಲೆ ನೋಡಿದರೆ ಅಪರಿಗ್ರಹದ ಪಾಠ ತಾನಾಗೇ ಆಗುತ್ತೆ.

ಆ್ಯಪು, ಯೂಟ್ಯೂಬು: ಮೊದಲೇ ಕಲಿತವರಿಗೆ ವರ. ಹೊಸಬರಿಗೆ ಬೇಡ, ಫೋನಿಗೆ ಕಣ್ಣಿಲ್ಲ. ಝೂಮಿನಲ್ಲಿ ಐದಾರೇ ಜನ ಇದ್ದು ಕ್ಯಾಮೆರಾ ಆನ್ ಮಾಡಿಸಿ ನೋಡುವ ಮೇಡಂ ಸಿಕ್ಕರೆ ಅದು ಬೇರೆ ಮಾತು.

ಮನೆಗೆ ಬಂದು ಹೇಳಿಕೊಡುವವರು ದುಬಾರಿ. ಆದರೆ ಹಾಸಿಗೆ ಬಿಟ್ಟೇಳಲು ಕಷ್ಟಪಡುವ ಅಜ್ಜಿಗೆ, ಸಣ್ಣ ಮಗುವಿರುವ ಮನೆಗೆ ಬೇರೆ ದಾರಿಯೂ ಇಲ್ಲ. ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಕರೆಸಿದರೆ ಫೀಸು ಹಂಚಿಹೋಗುತ್ತೆ. ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಈಗ ನಡೆಯುತ್ತಿರೋದು ಇದೇ.

ದುಡ್ಡಿನ ಲೆಕ್ಕ

ಬಡಾವಣೆಯ ಮಾಮೂಲಿ ಕ್ಲಾಸಿಗೆ ತಿಂಗಳಿಗೆ ಸಾವಿರದಿಂದ ಎರಡೂವರೆ ಸಾವಿರದ ಆಸುಪಾಸು. ದೊಡ್ಡ ಸ್ಟುಡಿಯೋಗಳಲ್ಲಿ ಅದರ ಎರಡು ಮೂರು ಪಟ್ಟು. ಮನೆಗೆ ಬರುವವರು ಒಂದು ಕ್ಲಾಸಿಗೇ ಐನೂರು, ಸಾವಿರ ಕೇಳುತ್ತಾರೆ. ಏರಿಯಾ ಬದಲಾದರೆ ರೇಟೂ ಬದಲಾಗುತ್ತೆ, ಹಾಗಾಗಿ ಇದನ್ನು ಅಂದಾಜು ಅಂತಲೇ ಇಟ್ಟುಕೊಳ್ಳಿ. ವರ್ಷದ ಫೀಸು ಒಟ್ಟಿಗೆ ಕಟ್ಟಿದರೆ ಅರ್ಧ ರಿಯಾಯಿತಿ ಅಂತ ಆಸೆ ತೋರಿಸುತ್ತಾರೆ. ಬೇಡ. ಮೊದಲ ಮೂರು ತಿಂಗಳು ತಿಂಗಳಿಗೊಮ್ಮೆಯೇ ಕಟ್ಟಿ.

ಕೈ ಬಿಗಿಯಾಗಿದ್ದರೆ ಹೀಗೂ ಮಾಡಬಹುದು. ದಿನಾ ಪಾರ್ಕಿನ ಬಳಗ ಅಥವಾ ಉಚಿತ ಶಾಖೆ, ಜೊತೆಗೆ ವಾರಕ್ಕೊಂದು ದಿನ ಚೆನ್ನಾಗಿ ನೋಡುವ ಮೇಷ್ಟ್ರ ಹತ್ತಿರ ಹಣ ಕೊಟ್ಟು ತಿದ್ದಿಸಿಕೊಳ್ಳೋದು. ರಾಜಾಜಿನಗರದ ಅಂಕಲ್‌ಗೆ ಇದೇ ಸರಿ, ಡಾಕ್ಟರನ್ನು ಕೇಳಿದ ಮೇಲೆ. ಸೂತ್ರ ಓದುವ ಆಸೆಯ ಮೇಷ್ಟ್ರಿಗೆ ಬೆಳಗ್ಗೆ ಪತಂಜಲಿ ಸಮಿತಿಯ ಶಾಖೆ, ಸಂಜೆ ಯಾವುದಾದರೂ ಮಠದಲ್ಲೋ ಆಶ್ರಮದಲ್ಲೋ ನಡೆಯುವ ಯೋಗಸೂತ್ರದ ಪಾಠ. ಅಂಥವು ಈ ಊರಲ್ಲಿ ಹೆಚ್ಚಾಗಿ ಉಚಿತ.

ಟ್ರಯಲ್ ಕ್ಲಾಸಿನ ದಿನ

ಎರಡು ಮೂರು ಕಡೆ ನೋಡಿ ತೀರ್ಮಾನಿಸಿ. ಊಟವಾಗಿ ಮೂರ್ನಾಲ್ಕು ಗಂಟೆ ಆಗಿರಲಿ. ಮೇಷ್ಟ್ರು ನಿಮ್ಮನ್ನು ಮೊದಲು ಏನು ಕೇಳುತ್ತಾರೆ ಅಂತ ಗಮನಿಸಿ. ಬಿ.ಪಿ. ಇದೆಯಾ, ಆಪರೇಷನ್ ಆಗಿದೆಯಾ ಅಂತ ವಿಚಾರಿಸದೆ ನೇರ ಸೂರ್ಯನಮಸ್ಕಾರಕ್ಕೆ ನಿಲ್ಲಿಸಿದರೆ ಅಲ್ಲಿಗೆ ಮತ್ತೆ ಹೋಗಬೇಡಿ. ಆಯುಷ್ ಸಚಿವಾಲಯದ ಯೋಗ ಪ್ರಮಾಣೀಕರಣ ಮಂಡಳಿಯ ಸರ್ಟಿಫಿಕೇಟು ಇದ್ದರೆ ಒಳ್ಳೆಯದು, ಆದರೆ ಅದೊಂದನ್ನೇ ನಂಬಬೇಡಿ. ಇನ್ನೂರು ಗಂಟೆ ಕಲಿತು ಬಂದವರೂ ಇದ್ದಾರೆ, ಇಪ್ಪತ್ತು ವರ್ಷ ಕಲಿಸಿದವರೂ ಇದ್ದಾರೆ. ಕೊನೆಗೆ ಶವಾಸನಕ್ಕೆ ಎಷ್ಟು ಹೊತ್ತು ಕೊಡುತ್ತಾರೆ ನೋಡಿ. ಮುಂದಿನ ಬ್ಯಾಚಿನವರು ಬಾಗಿಲಲ್ಲಿ ನಿಂತಿದ್ದಾರೆ ಅಂತ ಒಂದೇ ನಿಮಿಷಕ್ಕೆ ಎಬ್ಬಿಸುವ ಕ್ಲಾಸು ಬೇಡ. ಐದು ನಿಮಿಷವಾದರೂ ಬೇಕು.

ಮಾರನೇ ದಿನ ಮೈ ಕೈ ಸ್ವಲ್ಪ ಹಿಡಿದುಕೊಂಡರೆ ಅದು ಸಹಜ. ಕೀಲಿನಲ್ಲಿ ಚುಚ್ಚಿದಂತೆ ನೋವು, ಕಾಲಿಗೆ ಇಳಿಯುವ ಜೋಮು ಬಂದರೆ ನಿಲ್ಲಿಸಿ, ಮೇಷ್ಟ್ರಿಗೆ ಹೇಳಿ. "ಮೊದಮೊದಲು ಹಾಗೇ, ಸರಿಹೋಗುತ್ತೆ" ಅನ್ನೋದಷ್ಟೇ ಅವರ ಉತ್ತರ ಆದರೆ, ಕಟ್ಟಿದ ಫೀಸು ಹೋದರೆ ಹೋಗಲಿ, ಬೇರೆ ಕಡೆ ನೋಡಿ.